ಬಿಗಿ ಬಂತಾ ಅಂದದ್ದು

ನಾನು ನಿಂತಿದ್ದದ್ದು ಗಾಡಿಯ ಎಡಗಡೆ, ಮುಂದಿನ ಚಕ್ರದಿಂದ ಎರಡು ಹೆಜ್ಜೆ ಆಚೆ, ನೀರಿನ ತೊಟ್ಟಿಗೆ ಬೆನ್ನು ಕೊಟ್ಟು. ಹೊತ್ತು ಬೆಳಗ್ಗೆ ಹತ್ತೂ ಇಪ್ಪತ್ತು. ಶ್ರಾವಣದ ಒಂದು ಶುಕ್ರವಾರ. ಹೋದ ವರ್ಷದ್ದಲ್ಲ, ಅದರ ಹಿಂದಿನ ವರ್ಷದ್ದು. ಕಬ್ಬಾಳು ದಾಟಿ ಎರಡು ಕಿಲೋಮೀಟರ್ ಹೋದರೆ ಸಿಗುವ ಊರು, ನನ್ನ ಅಕ್ಕನ ಮನೆಯ ಅಂಗಳ. ಅಕ್ಕ ಗಾಡಿಯ ನೇರ ಎದುರಿಗೆ, ಹನ್ನೆರಡು ಅಡಿ ದೂರದಲ್ಲಿ, ಆರತಿ ತಟ್ಟೆ ಹಿಡಿದು ನಿಂತಿದ್ದಳು. ಗಾಡಿಗೆ ಆಗ ಬ್ರೇಕ್ ಇರಲಿಲ್ಲ. ಅದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿದ್ದವನು ನಾನು.

ಈ ಸಂಗತಿಯನ್ನು ಅಕ್ಕ ಮದುವೆ ಮನೆಗಳಲ್ಲಿ, ನೆಂಟರ ನಡುವೆ ಹೇಳುತ್ತಾಳೆ. ಅವಳ ಬಾಯಲ್ಲಿ ಅದು ಬೇರೆಯೇ ಆಗಿದೆ. ಅವಳು ದೇವಿ ಕಬ್ಬಾಳಮ್ಮನ ಹೆಸರು ಹಿಡಿದು ಕೈ ಎತ್ತಿದಳಂತೆ, ಗಾಡಿ ನಿಂತಿತಂತೆ, ತಮ್ಮನಾದ ನಾನು ಊರಿಗೆಲ್ಲ ಕೇಳುವ ಹಾಗೆ ಕೂಗಿದೆನಂತೆ. ನಾನು ಕೂಗಲಿಲ್ಲ. ನನ್ನ ಉದ್ಯೋಗ ಜಮೀನು ಅಳೆಯುವುದು. ಗಡಿಕಲ್ಲು ಎಲ್ಲಿತ್ತೋ ಅಲ್ಲೇ ಇತ್ತು ಎಂದು ಬರೆದು ಅಭ್ಯಾಸ. ಇದನ್ನೂ ಹಾಗೆಯೇ ಬರೆದಿಡುತ್ತೇನೆ.

ಗಾಡಿ ಭಾವನದು, ಎಂದರೆ ಅಕ್ಕನ ಗಂಡನದು. ಹದಿನಾರು ವರ್ಷದ ಹಳೆಯ ಪಿಕಪ್. ರೇಷ್ಮೆಗೂಡಿನ ಚೀಲಗಳನ್ನು ರಾಮನಗರದ ಮಾರ್ಕೆಟ್ಟಿಗೆ ಒಯ್ಯುತ್ತದೆ, ಆಗಾಗ ಗೊಂಬೆ ಮಾಡುವವರಿಗೆ ಹಾಲೆ ಮರದ ತುಂಡು ತುಂಬಿಕೊಂಡು ಚನ್ನಪಟ್ಟಣಕ್ಕೆ ಹೋಗುತ್ತದೆ. ಆ ವಾರ ಭಾವ ಫೋನ್ ಮಾಡಿದ್ದರು.

"ಸಾತನೂರು ಇಳಿಜಾರ್ನಾಗೆ ಕೀಚ್ ಅಂತೈತೆ ಕಣ್ಲಾ. ಒಸಿ ನೋಡ್ಬುಡು ಬಾ. ನಿಮ್ಮಕ್ಕ ಏನೋ ಇಲಿ ಸಿಕ್ಕಂಡದೆ ಅಂತಾಳೆ."

ನಾನು ಓದುವ ಕಾಲದಲ್ಲಿ ಎರಡು ವರ್ಷ ಚನ್ನಪಟ್ಟಣದ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ಕೆಲಸ ಮಾಡಿದ್ದೆ. ಬ್ರೇಕಿನ ಕೆಲಸವನ್ನು ಭಾವ ಬೇರೆ ಯಾರಿಗೂ ಕೊಡುವುದಿಲ್ಲ. ಇಲಿಯಲ್ಲ, ಚಕ್ರವನ್ನು ಒತ್ತಿ ನಿಲ್ಲಿಸುವ ಬ್ರೇಕ್ ಪ್ಯಾಡ್ ಸವೆದಿದೆ ಎಂದು ಹೇಳಿ, ರಾಮನಗರದಲ್ಲೇ ಒಂದು ಸೆಟ್ ಕೊಂಡು, ಶುಕ್ರವಾರ ಏಳೂವರೆಗೆ ಅವರ ಅಂಗಳದಲ್ಲಿ ಇಳಿದೆ.

ಅಂಗಳ ಮಟ್ಟಸವಾಗಿದೆ. ಗಾಡಿ ನಿಲ್ಲುವ ಜಾಗದ ಮುಂದಕ್ಕೆ ಎರಡು ಹೆಜ್ಜೆ ಇಟ್ಟರೆ ನೆಲ ರಸ್ತೆಯ ಕಡೆಗೆ ಇಳಿಯುತ್ತದೆ. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಹಿಂದೂ ಮುಂದೂ ಕಲ್ಲು ಕೊಟ್ಟೆ. ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸಡಿಲಿಸಿ, ಆಮೇಲೆ ಜಾಕಿ ಕೊಟ್ಟು ಎತ್ತಿದೆ. ಚಕ್ರ ಕಳಚಿದಾಗ ಡಿಸ್ಕ್ ಕಂಡಿತು. ಅದನ್ನು ಎರಡೂ ಕಡೆಯಿಂದ ಇಕ್ಕಳದಂತೆ ಹಿಡಿಯುವುದು ಕ್ಯಾಲಿಪರ್. ಕ್ಯಾಲಿಪರಿನ ಎರಡು ಬೋಲ್ಟು ಬಿಚ್ಚಿ ಮೇಲಕ್ಕೆತ್ತಿ, ರಬ್ಬರ್ ಪೈಪಿನ ಮೇಲೆ ಭಾರ ಬೀಳದಂತೆ, ಗೂಡಿನ ಚೀಲ ಕಟ್ಟುವ ದಾರದಿಂದ ಸ್ಪ್ರಿಂಗಿಗೆ ಕಟ್ಟಿದೆ. ಒಳಗಿನ ಪ್ಯಾಡ್ ರಟ್ಟಿನಷ್ಟು ತೆಳ್ಳಗಾಗಿತ್ತು. ತೆಗೆದು ಭಾವನ ಕೈಗಿಟ್ಟೆ.

"ಇಷ್ಟ್ರಾಗೆ ನಾನು ಓಡುಸ್ತಿದ್ನಾ?" ಎಂದರು.

"ಇಷ್ಟರಲ್ಲೇ ಓಡಿಸ್ತಿದ್ರಿ ಭಾವ."

"ನಿಮ್ಮಕ್ಕನ ಮುಂದೆ ಅನ್ನಬ್ಯಾಡ."

ಅವರು ಆ ತುಂಡನ್ನು ಜೇಬಿಗೆ ಹಾಕಿಕೊಂಡರು. ಆ ಬೆಳಗು ನನಗೆ ಇಷ್ಟವಾಗಿತ್ತು. ಬಿಸಿಲು ಏರಿರಲಿಲ್ಲ, ಕಬ್ಬಾಳು ಬೆಟ್ಟದ ಮೇಲೆ ಮೋಡ ಕೂತಿತ್ತು. ಅಕ್ಕ ಎರಡು ಸಲ ಕಾಫಿ ತಂದಳು, ಎರಡನೆಯ ಸಲ ಗ್ರೀಸಿನ ಕೈ ನೋಡಿ ಲೋಟವನ್ನು ತಾನೇ ನನ್ನ ಬಾಯಿಗೆ ಹಿಡಿದಳು, ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದ ಹಾಗೆ.

ಇಲ್ಲೊಂದು ವಿಷಯ ಹೇಳಬೇಕು. ಹೊಸ ಪ್ಯಾಡ್ ದಪ್ಪ. ಅದಕ್ಕೆ ಜಾಗವಾಗಬೇಕಾದರೆ ಕ್ಯಾಲಿಪರಿನೊಳಗಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ಹಾಗೆ ಒತ್ತಿದ ಮೇಲೆ ಬ್ರೇಕ್ ಪೆಡಲ್ ತುಳಿದರೆ ಮೊದಲ ಸಲ ಅದು ಸೀದಾ ಕೆಳಕ್ಕೆ ಹೋಗುತ್ತದೆ, ಏನೂ ಹಿಡಿಯುವುದಿಲ್ಲ. ಗಾಡಿ ನಿಂತಿರುವಾಗಲೇ ನಾಲ್ಕೈದು ಸಲ ತುಳಿಯಬೇಕು. ಆಗ ಪಿಸ್ಟನ್ ಮುಂದೆ ಬಂದು ಪ್ಯಾಡಿಗೆ ತಾಗಿ, ಪೆಡಲ್ ಕಾಲಿಗೆ ಗಟ್ಟಿಯಾಗಿ ಸಿಗುತ್ತದೆ. ಇದಕ್ಕೆ ನಮ್ಮ ಕಡೆ 'ಬಿಗಿ ಬಂತು' ಅನ್ನುತ್ತಾರೆ. ಚಕ್ರದ ನಟ್ಟು ಪೂರ್ತಿ ತಿರುಗಿ ಕೂತರೂ 'ಬಿಗಿ ಬಂತು' ಎಂದೇ ಅನ್ನುತ್ತಾರೆ. ಎರಡಕ್ಕೂ ಒಂದೇ ಮಾತು. ಎರಡೂ ಕಡೆಯ ಪ್ಯಾಡ್ ಹಾಕಿ, ಚಕ್ರ ತೊಡಿಸಿ, ಕೊನೆಯಲ್ಲಿ ಪೆಡಲ್ ತುಳಿಯುವುದು ಎಂದು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಜಗಲಿಯ ಮೇಲೆ ಅಕ್ಕನ ಅತ್ತೆ ಕೂತಿದ್ದರು. ಅತ್ತೆಮ್ಮನಿಗೆ ಎಂಬತ್ತು ದಾಟಿತ್ತು, ಕಣ್ಣು ಚೆನ್ನಾಗಿತ್ತು. ಬ್ರೇಕಿಗೆ ಕೈ ಹಾಕಿದ ಗಾಡಿ ನಿಂಬೆಹಣ್ಣು ತುಳಿಯದೆ ರಸ್ತೆಗಿಳಿಯುವುದು ಅವರಿಗೆ ಒಪ್ಪಿಗೆ ಇರಲಿಲ್ಲ. ಶುಕ್ರವಾರ ರಾಹುಕಾಲ ಹತ್ತೂವರೆಗೆ ಶುರು.

"ಹತ್ತಾಯ್ತು ಕಣ್ರೋ. ಹಣ್ಣು ಹತ್ತುಸ್ಬುಟ್ಟು ಆಮ್ಯಾಕೆ ಎಷ್ಟಾದ್ರೂ ತಿಕ್ಕಳಿ."

"ಐದು ನಿಮಿಷ ಅತ್ತೆಮ್ಮ," ಎಂದೆ.

"ನಿನ್ ಐದು ನಿಮ್ಷ ನಂಗೊತ್ತು. ಎಂಟ್ ಗಂಟೆಯಿಂದ ಅದೇ ಐದು ನಿಮ್ಷ ನಡೀತೈತೆ."

ಅಕ್ಕ ನಕ್ಕಳು. ತಟ್ಟೆಗೆ ಅರಿಶಿನ ಕುಂಕುಮದ ನೀರು ಕಲಸಿ, ಕರ್ಪೂರ ಇಟ್ಟುಕೊಂಡು ಇಳಿಜಾರಿಗೆ ಬಂದು ನಿಂತಳು. ಭಾವ ಕೈಕಾಲು ತೊಳೆದು, ಮಡಿ ಪಂಚೆ ಉಟ್ಟು, ನಾಲ್ಕು ನಿಂಬೆಹಣ್ಣು ಹಿಡಿದು ಬಂದು ಚಕ್ರಗಳ ಮುಂದೆ ಒಂದೊಂದಾಗಿ ಇಟ್ಟರು. ನಾನು ಬಲಗಡೆಯ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಮುಖ ಕೆಳಗೆ ಮಾಡಿ, ಕೊನೆಯ ನಟ್ಟಿನ ಮೇಲೆ ಸ್ಪ್ಯಾನರ್ ಒತ್ತುತ್ತಿದ್ದೆ. ಭಾವ ನನ್ನ ತಲೆಯ ಮೇಲಿನಿಂದ ಕೇಳಿದರು.

"ಬಿಗಿ ಬಂತೇನ್ಲಾ?"

"ಬಂತು ಭಾವ. ಪೂರ್ತಿ ಬಂತು," ಎಂದೆ.

ಅವರು ಕೇಳಿದ್ದು ಪೆಡಲ್. ನಾನು ಹೇಳಿದ್ದು ನಟ್ಟು. ತಪ್ಪು ಆದದ್ದು ಅಲ್ಲಿ, ಆ ಎರಡು ಮಾತಿನಲ್ಲಿ. ಕೊನೆಯಲ್ಲಿ ಮಾಡೋಣ ಎಂದಿದ್ದ ಕೆಲಸ ನನ್ನ ತಲೆಯಿಂದ ಯಾವಾಗ ಜಾರಿತೋ ತಿಳಿಯದು. ಅತ್ತೆಮ್ಮ ಗಡಿಯಾರ ನೋಡಿ ಮತ್ತೆ ಕೂಗಿದರು. ನಾನು ಜಾಕಿ ಇಳಿಸಿದೆ, ಚಕ್ರದ ಕಲ್ಲುಗಳನ್ನು ನನ್ನ ಕೈಯಾರೆ ತೆಗೆದೆ, ಕೈ ತೊಳೆಯಲು ತೊಟ್ಟಿಯ ಕಡೆ ನಡೆದು ಈ ಕಡೆ ತಿರುಗಿ ನಿಂತೆ.

ಭಾವ ಗಾಡಿ ಶುರು ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಮೊದಲ ಗೇರಿನಲ್ಲಿ ಮೆಲ್ಲಗೆ ಮುಂದೆ ತಂದರು. ನಿಂಬೆಹಣ್ಣು ಒಡೆದ ಸದ್ದು ಕೇಳಿಸಿತು. ಅಲ್ಲಿಗೆ ನಿಲ್ಲಬೇಕು. ಅವರು ಕ್ಲಚ್ ತುಳಿದರು, ಬ್ರೇಕ್ ತುಳಿದರು. ಗಾಡಿ ನಿಲ್ಲಲಿಲ್ಲ. ಮುಂದಿನ ಚಕ್ರ ಇಳಿಜಾರಿಗೆ ಬಂದಿತ್ತು, ಕ್ಲಚ್ ತುಳಿದಿದ್ದರಿಂದ ಎಂಜಿನ್ನಿನ ಹಿಡಿತವೂ ಇರಲಿಲ್ಲ. ಅಕ್ಕ ತಲೆ ತಗ್ಗಿಸಿದ್ದಳು. ಗಾಳಿಗೆ ಕರ್ಪೂರ ಆರುತ್ತಿತ್ತು, ಅಂಗೈ ಅಡ್ಡ ಹಿಡಿದು ಅದನ್ನೇ ನೋಡುತ್ತಿದ್ದಳು. ಬೇಲಿಯ ಆಚೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಪಕ್ಕದ ಮನೆಯ ಹೆಂಗಸು ಕುಡುಗೋಲು ಹಿಡಿದಂತೆಯೇ ಎದ್ದು ನಿಂತರು. ಕಿಟಕಿಯಲ್ಲಿ ಭಾವನ ಮುಖ ಕಂಡಿತು, ಅವರ ಮೊಣಕಾಲು ಮೇಲೆ ಕೆಳಗೆ ಆಡುತ್ತಿತ್ತು. ಒಂದು, ಎರಡು, ಮೂರು. ಮೂರನೆಯ ತುಳಿತಕ್ಕೆ ಗಾಡಿಯ ಮೂಗು ತಗ್ಗಿ, ಗಾಡಿ ನಿಂತಿತು.

ಬಂಪರಿಗೂ ಆರತಿ ತಟ್ಟೆಗೂ ನಡುವೆ ಒಂದು ಗೇಣು. ಆಮೇಲೆ ಟೇಪು ಹಿಡಿದು ಅಳೆದೆ: ನಿಂಬೆಹಣ್ಣಿನ ಕಲೆಯಿಂದ ಚಕ್ರ ನಿಂತ ಜಾಗಕ್ಕೆ ಹನ್ನೊಂದು ಅಡಿ ಮೂರು ಇಂಚು.

ಆಗ ಅಕ್ಕ ತಲೆ ಎತ್ತಿದಳು.

"ಅಯ್ಯೋ, ಇಷ್ಟು ಹತ್ರ ಯಾಕ್ ತಂದ್ರಿ? ನಂಗೇನು ಕೈ ಎಟುಕಾಕಿಲ್ವಾ?"

ಅವಳು ಗಾಡಿಗೆ ನಿಧಾನವಾಗಿ ಮೂರು ಸುತ್ತು ಆರತಿ ಎತ್ತಿ, ಬಾನೆಟ್ಟಿಗೆ ಕುಂಕುಮ ಇಟ್ಟಳು. ಅಷ್ಟು ಹೊತ್ತೂ ಭಾವ ಪೆಡಲ್ಲಿನ ಮೇಲಿಂದ ಕಾಲು ತೆಗೆಯಲಿಲ್ಲ. ನಾನು ಹೋಗಿ ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಇಳಿದರು.

ಅಕ್ಕನಿಗೆ ಹೇಳುವುದೋ ಬೇಡವೋ ಎಂದು ನಾನೂ ಭಾವನೂ ಮಾತಾಡಿಕೊಳ್ಳಲಿಲ್ಲ. ತಿಂಡಿಗೆ ಕೂತ ಮೇಲೆ ಭಾವ ಎರಡು ಸಲ ಎದ್ದು ಹೋಗಿ ಚಕ್ರದ ಕಲ್ಲು ನೋಡಿ ಬಂದರು. ಅಕ್ಕ ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಬ್ರೇಕ್ ಹಿಡೀನಿಲ್ವಾ?"

"ತಪ್ಪು ನನ್ನದು ಅಕ್ಕ," ಎಂದೆ. ಬಿಗಿಯ ಮಾತು, ನಟ್ಟು, ಪೆಡಲ್, ಎಲ್ಲ ಇದ್ದಂತೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಗಂಡನ ಕಡೆ ತಿರುಗಿದಳು.

"ನನ್ ಮ್ಯಾಲೆ ಹತ್ತಾಕೆ ಬಂದಿದ್ದಕ್ಕೆ ನನ್ ಕೈಲೇ ಆರತಿ ಎತ್ತುಸ್ಕಂಡ್ರಾ!"

ಮೊದಲು ನಕ್ಕವರು ಅತ್ತೆಮ್ಮ. "ರಾಹುಕಾಲ ಬಂದಿರ್ನಿಲ್ಲ, ಅದ್ಕೆ ಉಳ್ಕಂಡೆ ಕಣವ್ವ," ಎಂದರು. ಆ ಅವಸರವೇ ಅರ್ಧ ಕಾರಣ ಎಂದು ನನ್ನ ಬಾಯಿಗೆ ಬಂದಿತ್ತು. ಅವರು ಸೊಸೆಯ ಬೆನ್ನ ಮೇಲೆ ಕೈ ಆಡಿಸುತ್ತಿದ್ದರು. ಅಕ್ಕ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ತಿಂದೆ. ಅಷ್ಟು ರುಚಿಯಾದ ರೊಟ್ಟಿ ಅದಕ್ಕೂ ಮೊದಲು ತಿಂದ ನೆನಪಿಲ್ಲ.

ಈಗ ಆ ಮನೆಯಲ್ಲಿ ಬರೀ 'ಬಿಗಿ ಬಂತಾ' ಎಂದು ಯಾರೂ ಕೇಳುವುದಿಲ್ಲ. ಯಾವುದು ಬಿಗಿ ಎಂದು ಹೆಸರು ಹಿಡಿದು ಕೇಳುತ್ತಾರೆ. ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೂ. ಗಾಡಿಯ ಆರತಿಯನ್ನು ಪಕ್ಕದಲ್ಲಿ ನಿಂತು ಎತ್ತುತ್ತಾರೆ.

ನನ್ನ ಹೊರತು ಇದನ್ನು ಕಂಡವರು ನಾಲ್ವರು. ಅತ್ತೆಮ್ಮ ಕಳೆದ ಮಾಘದಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಪಕ್ಕದ ಮನೆಯ ಹೆಂಗಸು ಇದ್ದಾರೆ, ಗಾಡಿ ಎಷ್ಟು ದೂರ ಉರುಳಿತು ಎಂದು ಕೇಳಿದರೆ ಬೇಲಿಯ ಕಂಬ ತೋರಿಸಿ ಹೇಳುತ್ತಾರೆ. ಭಾವ ಇದ್ದಾರೆ, ಅದೇ ಗಾಡಿ ಓಡಿಸುತ್ತಾರೆ. ಅಕ್ಕ ಕಂಡದ್ದು ಕೊನೆಯ ಒಂದು ಗೇಣು ಮಾತ್ರ. ಅವಳೂ ಇದ್ದಾಳೆ.