ಒಂದೇ ಸಲ ಕರೆದ ಹೆಸರು

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಂಬುವವರ ಪೈಕಿ ನಾನಲ್ಲ. ಅಣ್ಣಿಗೇರಿಯಲ್ಲಿ ನನ್ನದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಸೆಟ್ಟಿನ ಮೋಟಾರು ಬಿಚ್ಚಿ, ಕರ್ರಗಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕೆಲಸ. ತಂತಿ ಎಲ್ಲಿ ಕಡಿದಿದೆಯೋ ಅಲ್ಲಿಗೆ ಕರೆಂಟು ನಿಂತಿತು, ಮುಗಿಯಿತು. ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಯಾರಾದರೂ ಎದ್ದು ನಿಂತು, ಬಸ್ಸು ತಪ್ಪಿದ್ದು ಕರ್ತನ ಚಿತ್ತ, ಜ್ವರ ಇಳಿದದ್ದು ಕರ್ತನ ಕೃಪೆ ಎಂದು ಸಾಕ್ಷಿ ಹೇಳಲು ಶುರುಮಾಡಿದರೆ ನಾನು ಮೆಲ್ಲಗೆ ಹೊರಗೆ ಬಂದು ಚಪ್ಪಲಿ ಕಾಯುತ್ತ ನಿಲ್ಲುವವನು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಬಹುದು, ಅವರ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ.

ನಮ್ಮದು ಮೂರು ತಲೆಮಾರಿನ ಕ್ರೈಸ್ತ ಮನೆತನ. ಅಜ್ಜ ಬೆಟಗೇರಿಯಲ್ಲಿ ಮಗ್ಗದ ಕೆಲಸ ಬಿಟ್ಟು ಇಲ್ಲಿಗೆ ಬಂದವರು. ಊರಲ್ಲಿ ನಮ್ಮವರ ಮನೆಗಳು ಏಳೆಂಟು. ಪಾದ್ರಿಯವರು ಗದಗದಿಂದ ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಾರೆ. ಉಳಿದ ದಿನಗಳಲ್ಲಿ ನಮ್ಮ ಮನೆಯ ಪಾದ್ರಿ ಅವ್ವನೇ ಆಗಿದ್ದಳು. ಮುಂಜಾನೆ ಐದಕ್ಕೆ ಎದ್ದು ಮುಖ ತೊಳೆದು, ತಲೆಯ ಮೇಲೆ ಸೆರಗು ಹೊದ್ದು, ಅಡುಗೆಮನೆಯ ಗೋಡೆಗೆ ಮುಖ ಮಾಡಿ ಕೂತಳೆಂದರೆ ಅರ್ಧ ತಾಸು. ಮೊದಲು ಸ್ತೋತ್ರ. ಎಂಟು ದಿನಕ್ಕೊಮ್ಮೆ ಬರುವ ನಳದ ನೀರು ಬಂದದ್ದಕ್ಕೆ ಸ್ತೋತ್ರ, ಗ್ಯಾಸ್ ಸಿಲಿಂಡರು ಇನ್ನೊಂದು ವಾರ ಎಳೆದದ್ದಕ್ಕೆ ಸ್ತೋತ್ರ, ಸೊಂಟನೋವು ನಿನ್ನೆಗಿಂತ ಹೆಚ್ಚಾಗಲಿಲ್ಲವೆಂದು ಸ್ತೋತ್ರ. ಹೆಚ್ಚಾದ ದಿನ, ಹೇಗೋ ಎದ್ದು ಕೂರಲಿಕ್ಕಾದರೂ ಬಂತಲ್ಲ ಎಂದು ಸ್ತೋತ್ರ.

ಆಮೇಲೆ ಹೆಸರುಗಳು. ಮನೆಯವರು, ಓಣಿಯವರು, ಬಾಜು ಮನೆಯ ಬಸಪ್ಪ ಕಾಕಾ, ಹಾಲು ಕೊಡುವವಳು, ಅವಳ ಎಮ್ಮೆ ಈಯುವ ಕಾಲವಾಗಿದ್ದರೆ ಆ ಎಮ್ಮೆ ಕೂಡ. ಒಬ್ಬೊಬ್ಬರ ಹೆಸರನ್ನೂ ಬಾಯಿಬಿಟ್ಟು, ಸ್ಪಷ್ಟವಾಗಿ, ಒಂದೇ ಸಲ ಹೇಳುತ್ತಿದ್ದಳು. ಕೇಳಿದರೆ, "ಎರಡೆರಡು ಸಲ ಹೇಳಾಕ ದೇವ್ರಿಗೇನು ಕಿವುಡೇನು?" ಎನ್ನುತ್ತಿದ್ದಳು.

ನನ್ನ ಮಗ ಹೈಸ್ಕೂಲು ಸೇರಿದ ವರ್ಷ, ಒಂದು ಮುಂಜಾನೆ, ಆ ಸಾಲಿಗೆ ಹೊಸ ಹೆಸರೊಂದು ಬಂದು ಸೇರಿತು. ಕುಬಿಹಾಳದ ನೀಲವ್ವ. ಕುಬಿಹಾಳ ಕುಂದಗೋಳ ತಾಲೂಕಿನ ಹಳ್ಳಿ. ಅಲ್ಲಿ ನಮಗೆ ನೆಂಟರಿಲ್ಲ, ಅವ್ವ ಆ ಊರನ್ನು ತುಳಿದವಳೂ ಅಲ್ಲ. ಯಾರವಳು ಎಂದು ಕೇಳಿದೆ. "ಗೊತ್ತಿಲ್ಲೋ. ಬಾಯಿಗೆ ಬಂತು. ಬಂದಮ್ಯಾಲೆ ಬಿಡಾಕ ಬರ್ತೈತೇನು?" ಎಂದಳು. ಅಲ್ಲಿಂದ ಮುಂದೆ ನನಗೆ ಅದೊಂದು ಚೇಷ್ಟೆಯ ವಸ್ತುವಾಯಿತು. ಊಟಕ್ಕೆ ಕೂತಾಗ, "ಯವ್ವಾ, ನಿನ್ನ ನೀಲವ್ವ ಏನಂತಾಳ, ಫೋನ್ ಗೀನ್ ಬಂತೇನು?" ಎಂದು ಕೆಣಕುತ್ತಿದ್ದೆ. ಅವ್ವ ಸಿಟ್ಟಾಗುತ್ತಿರಲಿಲ್ಲ. "ಆಕಿಗೇನು ಕಷ್ಟ ಐತೋ, ನಿನಗೇನು ಗೊತ್ತು. ಸುಮ್ನ ಉಣ್ಣು" ಎನ್ನುವಳು. ಹೀಗೆ ಹನ್ನೊಂದು ವರ್ಷ. ನನಗೆ ತಿಳಿದಂತೆ ಒಂದು ದಿನವೂ ತಪ್ಪಿಸಲಿಲ್ಲ.

ಎರಡು ವರ್ಷದ ಹಿಂದೆ, ಜೋಳದ ರಾಶಿ ಮುಗಿದ ದಿನಗಳಲ್ಲಿ, ಅವ್ವನಿಗೆ ಲಕ್ವಾ ಹೊಡೆಯಿತು. ಹುಬ್ಬಳ್ಳಿಯಲ್ಲಿ ಆಸ್ಪತ್ರೆಗೆ ಹಾಕಿದೆವು. ನಾಲ್ಕು ದಿನ ಇಟ್ಟುಕೊಂಡು, ವಯಸ್ಸಾಗಿದೆ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಬಲಭಾಗ ಪೂರಾ ಬಿದ್ದುಹೋಗಿತ್ತು, ಮಾತು ನಿಂತುಹೋಗಿತ್ತು. ತಿಳಿವಳಿಕೆ ಮಾತ್ರ ಮೊದಲಿನಂತೆಯೇ ಇತ್ತು. ಮುಂಜಾನೆ ಐದಾಯಿತೆಂದರೆ ಕಣ್ಣು ತೆರೆಯುವಳು, ತುಟಿ ಅಲ್ಲಾಡಿಸುವಳು, ಸ್ವರ ಹೊರಡದೆ ಅಳುವಳು. ಎಪ್ಪತ್ತೆಂಟು ವರ್ಷದ ತಾಯಿ ಮಾತಿಲ್ಲದೆ ಅಳುವುದನ್ನು ನೋಡುತ್ತ ಕೂರುವುದು ಸುಲಭವಲ್ಲ.

ಅಳು ಯಾತಕ್ಕೆಂದು ತಿಳಿದದ್ದು ನನ್ನ ಹೆಂಡತಿ ಪ್ರೇಮಾಗೆ. ಅವಳು ಹಾಸಿಗೆಯ ಬದಿಗೆ ಕೂತು ಅತ್ತೆಯ ಪರವಾಗಿ ತಾನೇ ಹೆಸರುಗಳನ್ನು ಹೇಳತೊಡಗಿದಳು. ಒಂದೊಂದು ಹೆಸರಿಗೂ ಅವ್ವ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ಕುಬಿಹಾಳದ ನೀಲವ್ವ ಎಂದಾಗ ಮಾತ್ರ ಎಡಗೈಯಿಂದ ನನ್ನ ಮುಂಗೈ ಹಿಡಿದು ಬಾಗಿಲ ಕಡೆ ನೋಡಿದಳು, ಹಿಡಿದ ಕೈ ಬಿಡಲಿಲ್ಲ. ಎರಡು ಮುಂಜಾನೆ ಹೀಗೇ ಆಯಿತು. ಮೂರನೆಯ ದಿನ ಪ್ರೇಮಾ, "ಹೋಗಿ ನೋಡಿ ಬರ್ರಿ. ಆಕಿ ಅದಾಳೋ ಇಲ್ಲೋ ತಿಳೀದ ಅತ್ತಿ ಜೀವ ನೆಮ್ಮದಿ ಆಗೂದಿಲ್ಲ" ಎಂದಳು.

ನನಗೆ ಹೋಗಲು ಮನಸ್ಸಿರಲಿಲ್ಲ. ಸೋಮಾರಿತನವಲ್ಲ, ಅಂಜಿಕೆ. ಹನ್ನೊಂದು ವರ್ಷ ಇದನ್ನು ಹಿಡಿದು ನಕ್ಕವನು ನಾನು. ಈಗ ಹೋಗಿ ನೋಡಿ, ಅಂಥ ಹೆಂಗಸು ಇಲ್ಲವೇ ಇಲ್ಲ ಎಂದು ಗೊತ್ತಾದರೆ? ಹನ್ನೊಂದು ವರ್ಷದ ಪ್ರಾರ್ಥನೆ ಯಾರಿಗೂ ಮುಟ್ಟಲಿಲ್ಲ ಎಂದು ಸಾಯುವ ತಾಯಿಯ ಮುಖ ನೋಡಿ ಹೇಳಲಿಕ್ಕಾಗುತ್ತದೆಯೇ? ಸುಳ್ಳು ಹೇಳಿದರೂ ಅವ್ವ ಕಣ್ಣಲ್ಲೇ ಹಿಡಿಯುವಳು. ಆದರೂ ಅಂದು ಮುಂಜಾನೆ ಅಂಗಡಿ ಮುಚ್ಚಿ ಮೋಟರ್ ಸೈಕಲ್ ಹತ್ತಿದೆ.

ಕುಬಿಹಾಳ ಮುಟ್ಟಿದಾಗ ಹನ್ನೊಂದು ಗಂಟೆಯಾಗಿತ್ತು, ಬಿಸಿಲು ಅಗದಿ ಚುರುಕಾಗಿತ್ತು. ಚಹಾದಂಗಡಿಯಲ್ಲಿ ನಿಂತು ವಿಚಾರಿಸಿದೆ. ಪ್ರಾರ್ಥನೆಯ ಮಾತು ಎತ್ತಲು ನಾಚಿಕೆಯಾಗಿ, ಮೋಟಾರು ರಿಪೇರಿ ಸಲುವಾಗಿ ಬಂದಿದ್ದೇನೆ ಎಂದು ಬೊಗಳೆ ಬಿಟ್ಟೆ. "ಯಾವ ನೀಲವ್ವರಿ? ಅಡ್ಡಹೆಸರು ಹೇಳ್ರಿ" ಎಂದರು. ಅಡ್ಡಹೆಸರು ಅವ್ವ ಎಂದೂ ಹೇಳಿರಲಿಲ್ಲ. ಊರಲ್ಲಿ ಮೂವರು ನೀಲವ್ವಂದಿರಿದ್ದರು. ಒಬ್ಬಳು ಇನ್ನೂ ಅಂಗನವಾಡಿಗೆ ಹೋಗುವ ಹುಡುಗಿ. ಇನ್ನೊಬ್ಬಳು ಮುದುಕಿ, ನನ್ನನ್ನು ಪಿಂಚಣಿ ಆಫೀಸಿನವನೆಂದು ತಿಳಿದು ಅರ್ಧ ತಾಸು ಬೈದಳು. ಮೂರನೆಯವಳ ಮನೆ ಕೆರೆಯ ದಾರಿಯಲ್ಲಿತ್ತು.

ಅರವತ್ತರ ಆಸುಪಾಸಿನ ಹೆಂಗಸು, ವಿಧವೆ, ಹಣೆಯ ತುಂಬ ವಿಭೂತಿ. ತಮ್ಮನ ಸಂಸಾರದ ಜೊತೆ ಇದ್ದಳು. ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಕಡಲೆಯಲ್ಲಿಯ ಹರಳು ಆರಿಸುತ್ತಿದ್ದಳು. ತಮ್ಮನ ಹೆಂಡತಿ ನೀರು ಬೆಲ್ಲ ತಂದಿಟ್ಟಳು. "ಏನ್ ಕೆಲಸಿತ್ರಿ?" ಎಂದು ಕೇಳಿದರು. ಇಲ್ಲಿಯೂ ಮೋಟಾರಿನ ಕತೆ ಹೇಳಲು ಬಾಯಿ ಬರಲಿಲ್ಲ. "ನಮ್ಮವ್ವ ಅಣ್ಣಿಗೇರ್ಯಾಗ ಇರ್ತಾಳ್ರಿ. ನಾವು ಕ್ರಿಶ್ಚನ್ ಮಂದಿ. ದಿನಾ ಮುಂಜಾನೆ ಪ್ರಾರ್ಥನಾ ಮಾಡುವಾಗ ಕುಬಿಹಾಳದ ನೀಲವ್ವ ಅಂತ ಹೆಸರು ತಗೋತಾಳ. ಯಾಕಂತ ನನಗೂ ಗೊತ್ತಿಲ್ರಿ" ಎಂದೆ. ಇಷ್ಟೇ ಮಾತು. ಲಕ್ವಾದ ಸುದ್ದಿ ನಾನಿನ್ನೂ ಎತ್ತಿರಲಿಲ್ಲ.

ಆಕೆಯ ಕೈ ಮೊರದ ಮೇಲೆಯೇ ನಿಂತಿತು. ನನ್ನನ್ನು ನೋಡಿ ಕೇಳಿದಳು, "ಎಂಟು ದಿನಾ ಆತು, ತಗೊಂಡಿಲ್ಲಲ್ರಿ. ಆರಾಮ ಅದಾರೇನ್ರಿ ಅವ್ರು?"

ಅವ್ವ ಬಿದ್ದು ಅಂದಿಗೆ ಎಂಟು ಮುಂಜಾನೆಗಳಾಗಿದ್ದವು. ನಾನು ಬೆರಳು ಮಡಚಿ ಎಣಿಸಿದೆ.

ಆಮೇಲೆ ಆಕೆ ಹೇಳಿದ್ದನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. ಗಂಡ ತೀರಿಕೊಂಡ ಮೇಲೆ ಆಕೆಗೆ ಇದ್ದವಳು ಒಬ್ಬಳೇ ಮಗಳು. ಆ ಮಗಳೂ ಹೆರಿಗೆಯಲ್ಲಿ ಹೋದಳು, ಕೂಸೂ ಉಳಿಯಲಿಲ್ಲ. ತಿಂಗಳೊಳಗೆ ಒಂದು ದಿನ ಬೆಳಕು ಹರಿಯುವ ಮೊದಲು ಆಕೆ ಕೊಡ ಹಿಡಿದುಕೊಂಡು ಕೆರೆಗೆ ಹೋದಳು, ನೀರು ತರುವ ಮನಸ್ಸಿನಿಂದಲ್ಲ. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಒಬ್ಬ ಹೆಂಗಸಿನ ದನಿ, ನೀಲವ್ವ ಎಂದಿತು. ಒಂದೇ ಸಲ. ನಮ್ಮ ಕಡೆ ಹಳ್ಳಿಗಳಲ್ಲಿ ಒಂದು ರೂಢಿಯಿದೆ. ಕತ್ತಲಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಒಂದೇ ಕರೆಗೆ ಓ ಅನ್ನಬಾರದು. ಮೂರು ಸಲ ಕರೆದರೆ ಕರೆದವರು ಮನುಷ್ಯರು, ಒಂದೇ ಸಲಕ್ಕೆ ಸುಮ್ಮನಾದರೆ ಅದು ಬೇರೆ ಏನೋ. "ಸಾಯಾಕ ಹೊಂಟಾಕಿ ದೆವ್ವಕ್ಕ ಅಂಜಿ ನಿಂತೆ ನೋಡ್ರಿ" ಎಂದು ಆಕೆ ಸ್ವಲ್ಪ ನಕ್ಕಳು. ಎರಡನೆಯ ಕರೆ ಬರಲಿ ಎಂದು ಕಾದಳು. ಬರಲಿಲ್ಲ. ಕಾಯುತ್ತಿದ್ದಂತೆ ಬೆಳಕಾಯಿತು, ಓಣಿಯ ಇಬ್ಬರು ಹೆಂಗಸರು ಕೊಡ ತಂದರು, ಅವರ ಜೊತೆ ಮಾತಾಡುತ್ತ ಆಕೆಯೂ ನೀರು ತುಂಬಿಕೊಂಡು ಮನೆಗೆ ಬಂದಳು.

ಮರುದಿನ ರೊಟ್ಟಿ ಬಡಿಯುವಾಗ ಮತ್ತೆ ಅದೇ ದನಿ, ಒಂದೇ ಸಲ. ಅದರ ಮರುದಿನವೂ. ಯಾರಿಗಾದರೂ ಹೇಳಿದರೆ ದೆವ್ವ ಬಡಿದಿದೆಯೆಂದು ದೇವರು ಕೇಳಿಸಲು ಊರೂರು ಎಳೆದಾಡುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದಳು. ವರ್ಷ ಕಳೆಯುವುದರೊಳಗೆ ಅಂಜಿಕೆ ಹೋಯಿತು. "ಆ ದನಿ ಬಂದ್ರ ಸಾಕು, ಇವತ್ತಿನ ದಿನಾ ದಾಟತೈತಿ ಅನ್ನಿಸ್ತಿತ್ರಿ" ಎಂದಳು. ಆದರೆ ಮೂರು ಸಲ ಎಂದೂ ಕರೆಯಲಿಲ್ಲವಾದ್ದರಿಂದ ಆಕೆ ಒಂದು ದಿನವೂ ಓ ಅಂದಿರಲಿಲ್ಲ. ಅವ್ವ ಹೆಸರನ್ನು ಒಂದೇ ಸಲ ಹೇಳುವವಳೆಂದು ನಾನು ಹೇಳಿದಾಗ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನನಗೂ ತಡೆಯಲಾಗಲಿಲ್ಲ.

ಅವ್ವನ ಸ್ಥಿತಿ ತಿಳಿಸಿದೆ. ಆಕೆ ಎದ್ದು ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. "ನಡೀರಿ, ಹೋಗೂಣು" ಎಂದಳು. ತಮ್ಮನ ಹೆಂಡತಿ ಎಲ್ಲಿಗೆ ಎಂದು ಕೇಳಿದ್ದಕ್ಕೆ, "ಅಣ್ಣಿಗೇರ್ಯಾಗ ನಮ್ಮಾಕಿ ಒಬ್ಬಾಕಿಗೆ ಆರಾಮಿಲ್ಲ" ಎಂದಷ್ಟೇ ಹೇಳಿದಳು.

ಮನೆಗೆ ಬಂದಾಗ ನಾಲ್ಕು ಗಂಟೆ. ಅವ್ವ ಗೋಡೆಯ ಕಡೆ ಮುಖ ಮಾಡಿ ನಿದ್ದೆಯಲ್ಲಿದ್ದಳು. ನೀಲವ್ವ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತು ಅವ್ವನ ಎಡಗೈ ಹಿಡಿದುಕೊಂಡಳು. ಆಮೇಲೆ, ಒಳಮನೆಯಲ್ಲಿ ಕೆಲಸದಲ್ಲಿದ್ದವರು ಕರೆದವರಿಗೆ ಉತ್ತರ ಕೊಡುವ ಹಾಗೆ, "ಓ" ಎಂದಳು. "ಓ ಯವ್ವಾ. ಅದೇನಿ. ಬಂದೇನಿ."

ಅವ್ವ ಕಣ್ಣು ತೆರೆದಳು. ಬಂದವಳು ಯಾರೆಂದು ನಾವು ಇನ್ನೂ ಹೇಳಿರಲಿಲ್ಲ. ಮುಖದ ಎಡಭಾಗವಷ್ಟೇ ನಕ್ಕಿತು, ಕಣ್ಣಲ್ಲಿ ನೀರು ಇಳಿಯಿತು. ತುಟಿ ಅಲ್ಲಾಡಿತು. ನನಗೆ ಏನೂ ಕೇಳಿಸಲಿಲ್ಲ, ಪಕ್ಕದಲ್ಲಿದ್ದ ಪ್ರೇಮಾಗೂ ಕೇಳಿಸಲಿಲ್ಲ. ಆದರೆ ನೀಲವ್ವ ಮುಂದೆ ಬಾಗಿ ಇನ್ನೊಮ್ಮೆ "ಓ" ಎಂದಳು.

ಅವ್ವ ಅದಾದ ಮೇಲೆ ಒಂಬತ್ತು ದಿನ ಇದ್ದಳು. ಆ ಒಂಬತ್ತೂ ಮುಂಜಾನೆ ಐದಕ್ಕೆ ಕಣ್ಣು ತೆರೆದಳು, ಅಳಲಿಲ್ಲ. ಮಣ್ಣಿಗೆ ನೀಲವ್ವ ಬಂದಿದ್ದಳು. ವಿಭೂತಿ ಹಚ್ಚಿಕೊಂಡ ಹೆಂಗಸು ನಮ್ಮ ಸ್ಮಶಾನದಲ್ಲಿ ಮುಂದಿನ ಸಾಲಿನಲ್ಲಿ ನಿಂತು ಅತ್ತಳು, ಯಾರೆಂದು ಯಾರೂ ಕೇಳಲಿಲ್ಲ.

ನಾನು ಇದನ್ನು ಬಿಚ್ಚಿ ನೋಡದೆ ಬಿಟ್ಟಿಲ್ಲ. ಅವ್ವ ಎಂದೋ ರೈಲಿನಲ್ಲೋ ಆಸ್ಪತ್ರೆಯಲ್ಲೋ ಆಕೆಯ ಕತೆ ಕೇಳಿ ಮರೆತಿರಬಹುದು, ಹೆಸರು ಮಾತ್ರ ಉಳಿದಿರಬಹುದು. ದುಃಖದಲ್ಲಿದ್ದವರ ಕಿವಿಗೆ ಇಲ್ಲದ ದನಿ ಕೇಳುವುದೂ ಉಂಟು. ಮಗಳು ಸತ್ತ ವರ್ಷವೂ ಅವ್ವ ಆ ಹೆಸರು ಶುರುಮಾಡಿದ ವರ್ಷವೂ ಒಂದೇ ಎನ್ನುವಷ್ಟು ತಾಳೆಯಾಗುತ್ತದೆ, ದಿನ ಮಾತ್ರ ಇಬ್ಬರಲ್ಲಿ ಯಾರೂ ಬರೆದಿಟ್ಟಿಲ್ಲ. ಇಷ್ಟೆಲ್ಲ ಒಪ್ಪಿಕೊಂಡರೂ ಆ ಎಂಟು ದಿನದ ಲೆಕ್ಕ ನನಗೆ ಬಗೆಹರಿಯುವುದಿಲ್ಲ. ಅದೂ ಅಲ್ಲದೆ, ಆ ದಿನಗಳಲ್ಲಿ ಪ್ರೇಮಾ ಅದೇ ಹೆಸರನ್ನು ಬಾಯಿಬಿಟ್ಟು ಹೇಳಿದ್ದಳಲ್ಲ, ಅದೇಕೆ ಆಕೆಗೆ ಕೇಳಿಸಲಿಲ್ಲ? ಪಾದ್ರಿಯವರು ಇದು ದೇವರ ಪ್ರೀತಿ, ಕೂಟದಲ್ಲಿ ಸಾಕ್ಷಿ ಹೇಳು ಎಂದರು. ಮಗ ಇದು ಕಾಕತಾಳೀಯ ಎಂದ. ಇಬ್ಬರೂ ಒಂದೊಂದು ಮಾತಿನಲ್ಲಿ ಮುಗಿಸಿದರು, ನನಗೆ ಮುಗಿಸಲಾಗಲಿಲ್ಲ. ಒಂದು ಮಾತ್ರ ಹೇಳಬಲ್ಲೆ. ಅವ್ವನ ಪ್ರಾರ್ಥನೆಯನ್ನು ನೋಡಿ ನಕ್ಕ ದಿನಗಳು ನೆನಪಾದರೆ ನಾಚಿಕೆಯಾಗುತ್ತದೆ, ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಸ್ತೋತ್ರ ಎನ್ನಬೇಕೆನಿಸುತ್ತದೆ.

ಈಗ ಮುಂಜಾನೆಯ ಹೆಸರುಗಳನ್ನು ನಾನೇ ಹೇಳುತ್ತೇನೆ. ನೀಲವ್ವನ ಹೆಸರನ್ನೂ ಹೇಳುತ್ತೇನೆ. ತಿಂಗಳು ಕಳೆದ ಮೇಲೆ ತಡೆಯಲಾರದೆ ಫೋನು ಮಾಡಿ, ನನ್ನ ದನಿ ಕೇಳಿಸುತ್ತದೆಯೇ ಎಂದು ಕೇಳಿದೆ. "ಇಲ್ಲೋ ತಮ್ಮಾ" ಎಂದಳು, ನನಗೆ ಬೇಸರವಾಗಬಾರದೆಂದು ಮೆಲ್ಲಗೆ. ಆಮೇಲೆ, "ನಾನೂ ದಿನಾ ಲಿಂಗಪೂಜಿ ಮಾಡುವಾಗ ನಿನ್ನ ಹೆಸರು ತಗೋತೇನಿ. ನಿನಗ ಕೇಳಸ್ತೈತೇನು?" ಎಂದು ಕೇಳಿದಳು.

ಹೌದೆಂದು ಹೇಳಲು ಬಹಳ ಆಸೆಯಾಯಿತು. ಆದರೆ ಇದ್ದದ್ದನ್ನೇ ಹೇಳಿದೆ, ಇಲ್ಲ ಎಂದೆ.

"ಇರ್ಲಿ ಬಿಡು" ಎಂದಳು ನೀಲವ್ವ. "ಹನ್ನೊಂದು ವರ್ಷ ನಾ ಎಲ್ಲಿ ಓ ಅಂದಿದ್ದೆ? ಹಂಗಂತ ನಿಮ್ಮವ್ವ ಕರಿಯೂದು ಬಿಟ್ಟಳೇನು?"

ಮರುದಿನ ಮುಂಜಾನೆಯೂ ಐದಕ್ಕೆ ಎದ್ದು ಗೋಡೆಗೆ ಮುಖ ಮಾಡಿ ಕೂತೆ, ನೀಲವ್ವನ ಹೆಸರನ್ನು ಒಂದೇ ಸಲ ಹೇಳಿದೆ.