ಊಟದ ಕೋಟಿನ ಸಣ್ಣ ಮೆಡಲುಗಳು

ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಒಂದು ವಾಸನೆ ಏಳುತ್ತದೆ. ಬರೀ ಕೆಂಡದ್ದೂ ಅಲ್ಲ, ಬರೀ ನೂಲಿನದೂ ಅಲ್ಲ, ಎರಡೂ ಕೂಡಿದ್ದು. ಹೋದ ತಿಂಗಳಿಂದ ಮಸ್ಕಿಯ ನಮ್ಮ ಮನೆಯೆದುರಿನ ಬೇವಿನ ಮರದ ಕೆಳಗೆ ಇಸ್ತ್ರಿಯವನೊಬ್ಬ ಬಂಡಿ ತಂದು ನಿಲ್ಲಿಸಿದ್ದಾನೆ. ಬೆಳಿಗ್ಗೆ ನಾನು ಪೇಪರು ಹಿಡಿದು ಕಟ್ಟೆಯ ಮೇಲೆ ಕುಳಿತರೆ ಸಾಕು, ಆ ವಾಸನೆ ಬರುತ್ತದೆ. ಪೇಪರು ತೊಡೆಯ ಮೇಲೆಯೇ ಉಳಿಯುತ್ತದೆ. ಇಂಥ ವಾಸನೆಗಳು ಜನರಿಗೆ ಬಾಲ್ಯವನ್ನು ನೆನಪಿಸುತ್ತವಂತೆ. ನನಗೆ ನೆನಪಾಗುವುದು ನಾನು ದೊಡ್ಡ ಪಂಡಿತನೆಂದು ತಿಳಿದಿದ್ದ ಕಾಲ.

ಎಂಬತ್ತರ ದಶಕದಲ್ಲಿ ನಾನು ಲಿಂಗಸುಗೂರಿನ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರನಾಗಿದ್ದೆ. ಹುಟ್ಟಿದ್ದು ಮಸ್ಕಿಯಲ್ಲಿ. ರಾಜನ ಹೆಸರು ಕೆತ್ತಿದ ಬಂಡೆಯಿರುವ ಊರಿನವನಾದ್ದರಿಂದ ಹಳೆಯದೆಲ್ಲದರ ಮೇಲೂ ನನಗೆ ಹುಟ್ಟಿನಿಂದಲೇ ಅಧಿಕಾರವಿದೆಯೆಂದು ಜನ ನಂಬಿದ್ದರು, ನಾನೂ ನಂಬಿದ್ದೆ. ಹೊಲದಲ್ಲಿ ಸಿಕ್ಕ ನಾಣ್ಯ, ಬಾವಿ ತೋಡುವಾಗ ಬಂದ ಮಡಕೆಯ ಚೂರು, ಎಲ್ಲವೂ ನನ್ನ ಮೇಜಿಗೆ ಬರುತ್ತಿದ್ದವು. ಪಾಮನಕಲ್ಲೂರಿನ ರೈತರೊಬ್ಬರು ತಂದ ಹಿತ್ತಾಳೆಯ ಬಿಲ್ಲೆಯನ್ನು ಚಾಲುಕ್ಯರ ಕಾಲದ ದೀಪದ ಮುಚ್ಚಳವೆಂದು ಹೇಳಿ ಒಂದು ವಾರ ಮನೆಯಲ್ಲಿಟ್ಟುಕೊಂಡಿದ್ದೆ. ನನ್ನ ಹೆಂಡತಿ ಕಸ ಗುಡಿಸುತ್ತ ಅದನ್ನೆತ್ತಿ ನೋಡಿ, "ಇದು ಪಂಪ್ ಸ್ಟೋವಿನ ಮುಚ್ಚಳ ಅಲ್ಲೇನ್ರೀ?" ಎಂದಳು. ಆ ಸಂಶೋಧನೆಯನ್ನು ನಾನು ಯಾರಿಗೂ ಹೇಳಲಿಲ್ಲ.

ಲಿಂಗಸುಗೂರು ಒಂದು ಕಾಲಕ್ಕೆ ಬಿಳಿ ಸಾಹೇಬರ ದಂಡು ಬೀಡುಬಿಟ್ಟಿದ್ದ ಊರು. ಹಳಬರು ಆಗಲೂ ಅದನ್ನು ಛಾವಣಿ ಎಂದೇ ಕರೆಯುತ್ತಿದ್ದರು. ದಂಡು ಎದ್ದುಹೋಗಿ ಎಷ್ಟೋ ಕಾಲವಾಗಿತ್ತು. ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿತ್ತು. ಆ ಹಳೆಯ ಭಾಗದ ಒಂದು ಓಣಿಯಲ್ಲಿ ಹುಸೇನಬೀ ಇದ್ದಳು. ಗಂಡ ತೀರಿಕೊಂಡ ಮೇಲೆ ಅವನ ಮಷಿನ್ನಿನ ಮುಂದೆ ತಾನೇ ಕುಳಿತು, ನಮ್ಮ ಶಾಲೆಯ ಅರ್ಧ ಮಕ್ಕಳ ಯೂನಿಫಾರ್ಮು ಹೊಲಿಯುತ್ತಿದ್ದಳು. ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಹೆಂಗಸು. ಆ ಸೂಜಿ ಎಲ್ಲಿ ನುಂಗಿಬಿಡುತ್ತಾಳೋ ಎಂದು ನಾನು ಅಳತೆ ಕೊಡುವಾಗಲೆಲ್ಲ ಹೆದರುತ್ತಿದ್ದೆ.

ಒಂದು ದಿನ ಶಾಲೆ ಬಿಟ್ಟ ಮೇಲೆ ಅವಳು ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು. ಫೋಟೋಕ್ಕೆ ಹಾಕಿಸುವಂಥ, ಗಾಜಿನ ಸಣ್ಣ ಕಟ್ಟು. ಒಳಗೆ ಕೆಂಪು ಬಟ್ಟೆಯ ಪಟ್ಟಿ. ಅದರಿಂದ ಸಾಲಾಗಿ ಮೂರು ಪದಕಗಳು ತೂಗುತ್ತಿದ್ದವು. ಒಂದೊಂದೂ ಕೋಟಿನ ಗುಂಡಿಗಿಂತ ದೊಡ್ಡದಲ್ಲ. ಎರಡು ಬೆಳ್ಳಿಯವು. ಒಂದರಲ್ಲಿ ರಾಣಿಯ ಮುಖ, ಇನ್ನೊಂದರಲ್ಲಿ ರೆಕ್ಕೆಯ ಹೆಂಗಸು. ಮೂರನೆಯದು ಕಂಚಿನ ನಕ್ಷತ್ರ. ಅದರ ನಡುವೆ ಮನುಷ್ಯನ ಮುಖದ ಮೃಗ, ಮೇಲೆ ಅರ್ಧಚಂದ್ರ ಮತ್ತು ಚುಕ್ಕಿ, ಕೆಳಗೆ ಸವೆದುಹೋದ ಉರ್ದುವಿನಂಥ ಅಕ್ಷರ.

"ಸರ, ಇದನ್ನೊಂದೀಟು ನೋಡ್ರಿ. ನಮ್ಮನಿಯವರ ಅಜ್ಜಂದು. ನಮ್ಮ ಅತ್ತಿ ಸಾಯೋ ಮುಂದ ನನ್ನ ಕೈಯಾಗಿಟ್ಟು, 'ಇದು ಅಜ್ಜನ ಕೈಯಿಂದು, ಜ್ವಾಕಿ' ಅಂದ್ರು. ಅಷ್ಟಾ. ಇವು ಯಾಕ ಇಷ್ಟು ಸಣ್ಣವದಾವ?"

"ಈಗ್ಯಾಕ ಬೇಕಾತು?" ಎಂದೆ.

ಮಗಳು ಶಮೀಮಳಿಗೆ ಸಿಂಧನೂರಿನಲ್ಲಿ ಮದುವೆಯ ಮಾತು ನಡೆದಿತ್ತು. ಹುಡುಗ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್. ಅವನ ತಂದೆ ಮಿಲಿಟರಿಯಿಂದ ಬಂದ ಹವಾಲ್ದಾರ. "ಲಡಾಯಿ ಮಾಡಿ ಬಂದಾರಂತ ಓಣಿ ಮಂದೆಲ್ಲಾ ಅವರಿಗೆ ಸಲಾಮ್ ಹೊಡೀತಾರ್ರಿ. ನಮ್ಮ ಮಾವನೂ ದರ್ಜಿ, ನಮ್ಮನಿಯವರೂ ದರ್ಜಿ. ಅಂಥಾವರ ಮುಂದ ಏನಂತ ಹೇಳ್ಕೊಳ್ಲಿ? ಅಜ್ಜ ಸಿಪಾಯಿ ಇದ್ದ ಅಂತ ನೀವೊಂದು ಮಾತು ಬರದು ಕೊಟ್ರ…"

ನಾನು ಅಕ್ಕಸಾಲಿಗನ ಹತ್ತಿರದಿಂದ ಭೂತಗನ್ನಡಿ ತರಿಸಿದೆ. ಎರಡು ದಿನ ನೋಡಿದೆ. ಅಕ್ಷರ ಓದಲು ಬರಲಿಲ್ಲ. ಬರುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಅರ್ಧಚಂದ್ರ ಕಂಡಿತಲ್ಲ, ಅಷ್ಟು ಸಾಕಾಯಿತು. ನಿಜಾಮರು ಶೌರ್ಯಕ್ಕಾಗಿ ಕೊಟ್ಟವು, ಸರದಾರರಿಗೆ ದೊಡ್ಡ ಪದಕ, ಸಿಪಾಯಿಗಳಿಗೆ ಸಣ್ಣ ಪದಕ ಎಂದು ತೀರ್ಮಾನಿಸಿದೆ. ಅದನ್ನು ದಪ್ಪ ಕಾಗದದ ಮೇಲೆ ಚೆಂದದ ಅಕ್ಷರಗಳಲ್ಲಿ ಬರೆದು, ಕೆಳಗೆ ನನ್ನ ಸಹಿಯನ್ನು ಎಂದಿಗಿಂತ ತುಸು ಉದ್ದವಾಗಿಯೇ ಮಾಡಿದೆ. ಅದನ್ನು ಓದಿಸಿಕೊಂಡು ಕೇಳಿದ ಹುಸೇನಬೀಯ ಕಣ್ಣು ತುಂಬಿ ಬಂತು.

ಭಾನುವಾರ ನಾನು, ನನ್ನ ಹೆಂಡತಿ, ಹುಸೇನಬೀ ಮೂವರೂ ಸಿಂಧನೂರಿನ ಬಸ್ಸು ಹತ್ತಿದೆವು. ಮಸ್ಕಿ ದಾಟಿ ಮುಂದೆ ಹೋದಂತೆ ಕೆಂಪು ನೆಲ ಮುಗಿದು, ಕಾಲುವೆ ನೀರಿನ ಭತ್ತದ ಗದ್ದೆಗಳು ಶುರುವಾದವು. ಹುಸೇನಬೀ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸು ಕುಣಿದಾಗಲೆಲ್ಲ ಎರಡೂ ಕೈಯಿಂದ ಒತ್ತಿ ಹಿಡಿಯುತ್ತಿದ್ದಳು.

ಹವಾಲ್ದಾರ ಖಾದರಸಾಬರು ಬಾಗಿಲಲ್ಲೇ ಎದುರುಗೊಂಡರು. ನೆಟ್ಟಗಿನ ಬೆನ್ನು, ಬಿಳಿ ಮೀಸೆ, ಗೆರೆ ಮುರಿಯದ ಪ್ಯಾಂಟು. ಓಣಿಯ ಹಿರಿಯರು ನಾಲ್ಕೈದು ಜನ ಚಾಪೆಯ ಮೇಲೆ ಕುಳಿತಿದ್ದರು. ಹವಾಲ್ದಾರರ ಮಗ, ಮದುವೆಯ ಹುಡುಗ ರಫೀಕ ಚಹಾ ತಂದಿಟ್ಟು ಗೋಡೆಗೆ ಒರಗಿ ನಿಂತ. ನಾನು ಚಹಾ ಮುಗಿಯುವವರೆಗೂ ಕಾಯಲಿಲ್ಲ; ಕಾಗದ ತೆಗೆದು ಗಟ್ಟಿಯಾಗಿ ಓದಿದೆ. ಹಿರಿಯರು "ವಾಹ್" ಎಂದರು. ಹವಾಲ್ದಾರರು ಕಟ್ಟನ್ನು ಬಾಗಿಲ ಬೆಳಕಿಗೆ ಒಯ್ದರು. ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ತಮ್ಮದೇ ಎರಡು ಮೆಡಲು ತಂದು ಪಕ್ಕದಲ್ಲಿಟ್ಟರು. ಅವುಗಳ ಮುಂದೆ ನಮ್ಮವು ಮಕ್ಕಳ ಆಟಿಕೆಯಂತೆ ಕಂಡವು.

"ಸರ, ನೀವು ಓದಿದವ್ರು," ಎಂದು ಮೆಲ್ಲಗೆ ಹೇಳಿದರು, "ಆದ್ರ ಇವು ಸಿಪಾಯಿಗಳವು ಅಲ್ರಿ. ಸಾಹೇಬರವು."

"ಸಾಹೇಬರಿಗೆ ಸಣ್ಣವು ಯಾಕ ಕೊಡ್ತಾರ?"

"ಕೊಡಂಗಿಲ್ರಿ, ಅವರಾ ಮಾಡಿಸ್ಕೋತಾರ. ಸರಕಾರ ಕೊಡೋದು ಇಂಥಾ ದೊಡ್ಡವು. ನೋಡ್ರಿ, ಅಂಚಿನ ಮ್ಯಾಲ ನನ್ನ ಹೆಸರು ಐತಿ. ಸಾಹೇಬರ ಮೆಸ್ಸಿನ್ಯಾಗ ದೊಡ್ಡ ಊಟ ಇದ್ದಾಗ ಒಂದು ಗಿಡ್ಡ ಕೋಟು ಹಾಕ್ಕೋತಾರ. ಆ ಕೋಟಿನ ಮ್ಯಾಲ ಈ ಸಣ್ಣವು. ಯಾವ ಮೆಡಲ್ ಬಂದೈತೋ ಅದರದಾ ಸಣ್ಣ ನಕಲು." ಅವರು ನಕ್ಷತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ಕೆಳಗಿನ ಅಕ್ಷರ ಕೂಡಿಸಿ ಓದಿದರು. "ಮಿಸರ್. ಇದು ಈಜಿಪ್ಟ್ ಲಡಾಯಿದು. ನಮ್ಮ ಮೆಸ್ಸಿನ ಗ್ವಾಡಿ ಮ್ಯಾಲ ಒಬ್ಬ ಹಳೇ ಬಿಳಿ ಸಾಹೇಬನ ಪಟ ಇತ್ತು. ಅವನ ಎದಿ ಮ್ಯಾಲ ಇಂಥಾದಾ ಚುಕ್ಕಿ."

ಹುಸೇನಬೀಯ ಮುಖ ಇಳಿದುಹೋಯಿತು. ಆ ಹೊತ್ತಿಗೆ ನಾನು ಅವಳ ಕಡೆ ನೋಡಬೇಕಾಗಿತ್ತು. ನೋಡಿದ್ದು ನನ್ನ ಕಾಗದವನ್ನು. ನನ್ನ ಉದ್ದದ ಸಹಿ ಅಲ್ಲೇ ಎಲ್ಲರ ಕಣ್ಣಮುಂದೆ ಬಿದ್ದಿತ್ತು. ಕಿವಿ ಬಿಸಿಯಾಗಿ, ನಾನು ಕೇಳಬಾರದ ಒಂದು ಮಾತು ಕೇಳಿದೆ: "ನೀವು ಯುದ್ಧಭೂಮಿಯಾಗ ಇದ್ದವ್ರು. ಸಾಹೇಬರ ಊಟದ ಮನಿ ಸಂಗತಿ ನಿಮಗ್ಹೆಂಗ ಗೊತ್ತು?"

ಹವಾಲ್ದಾರರು ಮಗನ ಕಡೆ ನೋಡಿದರು, ಚಾಪೆಯ ಮೇಲಿನ ಹಿರಿಯರ ಕಡೆ ನೋಡಿದರು. ತಮ್ಮ ಎರಡು ಮೆಡಲನ್ನು ಎತ್ತಿ ಅಂಗೈಯಲ್ಲಿ ಹಿಡಿದುಕೊಂಡರು.

"ನಾ ಯುದ್ಧಕ್ಕ ಹೋಗಿಲ್ರಿ ಸರ," ಎಂದರು. "ನಾನು ಮೆಸ್ ಹವಾಲ್ದಾರ. ಇಪ್ಪತ್ತು ವರ್ಷ ಸಾಹೇಬರ ಕೋಟಿಗೆ ಇಸ್ತ್ರಿ ಮಾಡೀನಿ. ಇಂಥಾ ಸಣ್ಣ ಮೆಡಲ್ ತಿಕ್ಕಿ ತಿಕ್ಕಿ ಅವರ ಎದಿಗೆ ಹಚ್ಚೀನಿ. ಈ ಮೆಡಲ್ ನೌಕರಿ ಮಾಡಿದವರಿಗೆಲ್ಲಾ ಕೊಡೋವು. ಮಂದಿ ಲಡಾಯಿ ಅಂದ್ರು, ನಾ ಅಲ್ಲ ಅನ್ಲಿಲ್ಲ. ಹಂಗಾ ನಡಕೋತ ಬಂತು."

ರಫೀಕ ಗೋಡೆ ಬಿಟ್ಟು ಮುಂದೆ ಬಂದ. "ಅಬ್ಬಾ?" ಎಂದು ಅಪ್ಪನನ್ನು ಕರೆದ, ಅಷ್ಟೇ. ಹವಾಲ್ದಾರರು ಅವನನ್ನೇ ನೋಡಿದರು. ಮುಖ ತಿರುಗಿಸಲಿಲ್ಲ. ಗೊತ್ತಿಲ್ಲವೆಂದು ಸುಮ್ಮನಿದ್ದಿದ್ದರೆ ಆ ಮನುಷ್ಯನ ಮರ್ಯಾದೆ ಹಾಗೇ ಉಳಿಯುತ್ತಿತ್ತು. ನನ್ನ ಕಾಗದವನ್ನು ಹೊಗಳಿದ್ದರೆ ಇನ್ನೂ ಹೆಚ್ಚುತ್ತಿತ್ತು. ನನಗೆ ಆ ಚಾಪೆಯ ಕೆಳಗೆ ಸೇರಿಕೊಳ್ಳಬೇಕೆನ್ನಿಸಿತು.

ಹುಸೇನಬೀ ಕಟ್ಟನ್ನು ತನ್ನ ಕಡೆ ಎಳೆದುಕೊಂಡಳು. "ಸಾಹೇಬಂದು ಅಂದ್ರ ನಮ್ಮನಿಗೆ ಹೆಂಗ ಬಂತು? ಕಳುವಿನ ಮಾಲು ಇಟ್ಕೊಳ್ಳೋ ಮನಿತನ ಅಲ್ರಿ ನಮ್ಮದು."

"ಹಂಗಂದಿಲ್ಲವ್ವಾ," ಎಂದು ಹವಾಲ್ದಾರರು ಗಾಬರಿಯಾದರು. "ಹಿಂದಿನ ಮಗ್ಗಲ ನೋಡೋಣು. ಇವನ್ನ ಪಟ್ಟಿಗೆ ಕೂಡಿಸೋರು ದರ್ಜಿಗಳು. ಒಬ್ಬೊಬ್ಬರು ಒಂದೊಂದು ನಮೂನಿ ಹೊಲೀತಾರ."

ಕಟ್ಟಿನ ಮೊಳೆ ಕಿತ್ತರು. ಹುಸೇನಬೀ ಪಟ್ಟಿಯನ್ನು ಹೊರಗೆ ತೆಗೆದು, ಮೊದಲ ಸಲ ಅದರ ಬೆನ್ನು ನೋಡಿದಳು. ಬೆರಳ ತುದಿಯಿಂದ ಹೊಲಿಗೆಯ ಗುಂಟ ಸವರುತ್ತ ಹೋಗಿ ಕೊನೆಯಲ್ಲಿ ನಿಂತಳು. ಅಲ್ಲಿ ದಾರಕ್ಕೆ ಗಂಟಿರಲಿಲ್ಲ. ಅದು ಹಿಂದಕ್ಕೆ ತಿರುಗಿ, ಮೂರು ಹೊಲಿಗೆಯ ಕೆಳಗೆ ನುಸುಳಿ, ಮಡಿಕೆಯೊಳಗೆ ಮಾಯವಾಗಿತ್ತು.

"ಯಾ ಅಲ್ಲಾ," ಎಂದಳು. "ಇದು ನಮ್ಮ ಮನಿ ಹೊಲಿಗಿ. ಗಂಟು ಹಾಕಿದ್ರ ನಮ್ಮ ಅತ್ತಿ ನನ್ನ ಬೆರಳಿಗೆ ಕತ್ರಿಲೇ ಬಡೀತಿದ್ರು. ಗಂಟು ಮೈಗೆ ಚುಚ್ತದ, ದಾರ ಹಿಂದಕ್ಕ ತಿರುವು ಅಂತಿದ್ರು. ಅವರಿಗೆ ಅವರ ಮಾವ, ಅಂದ್ರ ಇದಾ ಅಜ್ಜ, ಕಲಿಸಿದ್ದು." ಅವಳು ನನ್ನ ಕಡೆ ತಿರುಗಿದಳು. "ಸರ, 'ಅಜ್ಜನ ಕೈಯಿಂದು' ಅಂದ್ರ ಅಜ್ಜ ಗೆದ್ದಿದ್ದಲ್ರಿ. ಅಜ್ಜ ಹೊಲದಿದ್ದು!"

ಪದಕಗಳ ಮೂಲ ಹೀಗಿರಬೇಕೆಂದು ಎಲ್ಲರೂ ಕೂಡಿ ಊಹಿಸಿದೆವು. ಈಜಿಪ್ಟಿನಲ್ಲಿ ಕಾದಾಡಿ ಬಂದು ಛಾವಣಿಯಲ್ಲಿದ್ದ ಯಾವನೋ ಸಾಹೇಬ ತನ್ನ ಊಟದ ಕೋಟಿಗೆಂದು ದರ್ಜಿಯ ಕೈಗೆ ಕೊಟ್ಟಿದ್ದು. ದರ್ಜಿ ಪಟ್ಟಿ ಕೂಡಿಸಿ ಕಾದ. ಸಾಹೇಬ ಬರಲಿಲ್ಲ. ವರ್ಗವಾಯಿತೋ, ಸತ್ತನೋ, ಯಾರಿಗೂ ಗೊತ್ತಿಲ್ಲ. ಕರಗಿಸಿದ್ದರೆ ಚೂರು ಬೆಳ್ಳಿ ಸಿಗುತ್ತಿತ್ತು. ಮೂರು ತಲೆಮಾರು ಯಾರೂ ಕರಗಿಸಲಿಲ್ಲ. "ಅಮಾನತ್," ಎಂದರು ಹವಾಲ್ದಾರರು. ಒಬ್ಬರು ನಂಬಿ ಬಿಟ್ಟುಹೋದ ವಸ್ತು.

ಹುಸೇನಬೀ ಕಣ್ಣೊರೆಸಿಕೊಂಡು ನೆಟ್ಟಗೆ ಕುಳಿತಳು. "ಹವಾಲ್ದಾರ್ ಸಾಬ್, ಸಾಹೇಬರ ಕೋಟು ಹೊಲಿಯೋರು ನಾವು, ಇಸ್ತ್ರಿ ಮಾಡೋರು ನೀವು. ಹಾಕ್ಕೊಂಡೋರು ಎಲ್ಲಿ ಹೋದ್ರೋ ಯಾರಿಗ್ಗೊತ್ತು. ನಮ್ಮ ಹುಡುಗೀನ್ನ ಕೊಡ್ತೀನಿ, ತಗೋತೀರೇನು?"

ಮೊದಲು ನಕ್ಕವಳು ನನ್ನ ಹೆಂಡತಿ. ಆಮೇಲೆ ರಫೀಕ. ಹವಾಲ್ದಾರರು ನಗಲಿಲ್ಲ, ಎದ್ದು ನಿಂತು ಹುಸೇನಬೀಗೆ ಸಲಾಮು ಮಾಡಿದರು. ಅದು ಮಿಲಿಟರಿಯ ಸಲಾಮು ಅಲ್ಲ, ಬೀಗರಿಗೆ ಮಾಡುವಂಥದ್ದು.

ಬಸ್ಸಿನಲ್ಲಿ ಹಿಂದಿರುಗುವಾಗ ನಾನು ಕಾಗದ ವಾಪಸು ಕೇಳಿದೆ. "ಕೊಡಂಗಿಲ್ರಿ ಸರ," ಎಂದಳು ಹುಸೇನಬೀ. "ದಪ್ಪ ಐತಿ, ಕಾಲರ್ ಕತ್ತರಿಸಾಕ ಅಳತಿಗೆ ಚಲೋ ಬರ್ತದ." ಸುಳ್ಳು ಹೇಳಲಿಲ್ಲ ಅವಳು. ಮುಂದಿನ ವರ್ಷ ನಮ್ಮ ಶಾಲೆಯ ಅರ್ಧ ಮಕ್ಕಳು ನನ್ನ ಪಾಂಡಿತ್ಯದ ಅಳತೆಯ ಕಾಲರು ಹಾಕಿಕೊಂಡೇ ಪ್ರಾರ್ಥನೆಗೆ ನಿಂತರು.

ಮದುವೆಯಾಯಿತು. ಶಮೀಮ ಸಿಂಧನೂರಿನಲ್ಲಿ ಸಣ್ಣ ಹೊಲಿಗೆ ಅಂಗಡಿ ತೆರೆದಳು. ತೊಂಬತ್ತರ ದಶಕದಲ್ಲಿ ನಾನು ಆ ಊರಿಗೆ ಹೋದಾಗಲೆಲ್ಲ ಅಂಗಡಿಯ ಮುಂದೆ, ರಸ್ತೆಗೆ ಎದುರಾಗಿಯೇ, ಹವಾಲ್ದಾರರು ಮೇಜು ಹಾಕಿಕೊಂಡು ಇಸ್ತ್ರಿ ಮಾಡುತ್ತಿರುತ್ತಿದ್ದರು. ಓಣಿಯಲ್ಲಿ ಕೆಲವರು ಸಲಾಮು ನಿಲ್ಲಿಸಿದರಂತೆ. "ಹಗುರಾತು ಸರ," ಎನ್ನುತ್ತಿದ್ದರು ಹವಾಲ್ದಾರರು. "ಕೇಳಿದವರಿಗೆ ಲಡಾಯಿ ಕತಿ ಕಟ್ಟಿ ಹೇಳೋದು ಇಸ್ತ್ರಿಕಿಂತ ಭಾರ ಇತ್ತು." ಹಾಗೆನ್ನುತ್ತ ನನ್ನ ಅಂಗಿ ಬಿಚ್ಚಿಸಿ ಇಸ್ತ್ರಿ ಮಾಡಿಕೊಡದೆ ಬಸ್ಸು ಹತ್ತಲು ಬಿಡುತ್ತಿರಲಿಲ್ಲ.

ಅವರೂ ಹೋದರು, ಹುಸೇನಬೀಯೂ ಹೋದಳು. ಈ ತಿಂಗಳು ದಿನವೂ ಅವರ ಯೋಚನೆಯೇ. ನಿನ್ನೆ ಒಂದು ಸಂಗತಿ ಹೊಳೆಯಿತು. ಆ ಪದಕ ಯಾವ ದೇಶದ್ದು, ಯಾವ ಯುದ್ಧದ್ದು, ಸಾಹೇಬ ಯಾರಿರಬಹುದು ಎಂದು ಎಷ್ಟೋ ವರ್ಷ ತಲೆ ಕೆಡಿಸಿಕೊಂಡಿದ್ದೆ. ಪಟ್ಟಿ ಹೊಲಿದವನ ಹೆಸರು ಒಮ್ಮೆಯೂ ಕೇಳಿರಲಿಲ್ಲ. ತಕ್ಷಣ ಶಮೀಮಳಿಗೆ ಫೋನು ಮಾಡಿದೆ.

"ನಮ್ಮ ಅಪ್ಪನ ಅಜ್ಜನ ಹೆಸರಾ? ಅಮ್ಮ ಹೇಳ್ತಿದ್ಳು, ತಡೀರಿ ಸರ," ಎಂದಳು. ಹಿಂದೆ ಮಷಿನ್ನಿನ ಸದ್ದು ನಿಂತಿತು. "ಚಾಂದಸಾಬ್. ಹೌದು, ಚಾಂದಸಾಬ್. ಯಾಕ್ರೀ ಸರ?"

"ಬರ್ಕೋತೀನವ್ವ."

ಬರೆದುಕೊಂಡೆ.

"ಬರದ್ರ್ಯಾ?" ಎಂದಳು. "ಹೆಂಗ ಬರದೀರಿ, ಒಂದ್ಸಲ ಓದ್ರಿ."

"ಚಾಂದಸಾಬ್," ಎಂದು ಓದಿದೆ. "ದರ್ಜಿ. ಛಾವಣಿ, ಲಿಂಗಸುಗೂರು."

ಆ ಕಡೆ ಶಮೀಮ ಅದನ್ನೇ ಮೆಲ್ಲಗೆ ತಾನೂ ಅಂದಳು. ಆಮೇಲೆ, "ಇನ್ನೊಂದ್ಸಲ ಓದ್ರಿ ಸರ," ಎಂದಳು.