ಹಳ್ಳದ ಬಟ್ಟೆ ಹೊಲಿದ ನಾಗರತ್ನ ಮೇಡಂ

ನಾಗರತ್ನ ಮೇಡಂ ನೀರಿನಲ್ಲಿ ಬಟ್ಟೆ ತೇಲುವುದು ಕಂಡರೆ ಸೀರೆ ಎತ್ತಿ ಕಟ್ಟಿ ಇಳಿದೇಬಿಡುತ್ತಿದ್ದರು. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದ ಅವರು ನಮ್ಮ ಪಕ್ಕದ ಮನೆಯವರು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಲ್ಲಿ ಕೆಲವರು ದಾರಿಯ ಹಳ್ಳದಲ್ಲಿ ಮಿಂದು, ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟರೆ ಪೀಡೆ ಕಳೆಯಿತೆಂದುಕೊಳ್ಳುತ್ತಾರೆ. ಮೇಡಂ ರಜೆಯಲ್ಲಿ ಬಸ್ಸು ಹತ್ತಿ ಹೋಗಿ ಅದನ್ನೇ ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದರು.

"ಆನೆ, ಜಿಂಕೆ ಕುಡಿಯೋ ನೀರು ಕಣಮ್ಮ ಅದು. ಅವುಕ್ಕೆ ಯಾಕೆ ನಮ್ ಪೀಡೆ?" ಅನ್ನುತ್ತಿದ್ದರು.

ಒಗೆದ ಬಟ್ಟೆ ಅವರ ಕಾಂಪೌಂಡಿನ ಮೇಲೆ ಒಣಗುವಾಗ ಬೀದಿಯವರು ಆ ಬದಿ ಬಿಟ್ಟು ನಡೆಯುತ್ತಿದ್ದರು. ನಾನು ಹೋಗಿ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದೆ. ಎಲ್ಲವನ್ನೂ ಪಟ್ಟಿಪಟ್ಟಿಯಾಗಿ ಕತ್ತರಿಸಿ, ಒಂದಕ್ಕೊಂದು ಸೇರಿಸಿ, ಮೇಡಂ ಬಟ್ಟೆಯ ಹೊಳೆಯೊಂದನ್ನು ಹೊಲಿಯುತ್ತಿದ್ದರು. ಅದನ್ನು ಹಳ್ಳದ ಪಕ್ಕದ ಬಂಡೆಗಳ ಮೇಲೇ ಹಾಸಬೇಕೆಂಬುದು ಅವರ ಆಸೆ.

ಆಗ ಅವರ ಮಗಳು ಸೌಮ್ಯ ಹೆರಿಗೆಗೆ ಬಂದಿದ್ದಳು. ಹನೂರಿನಿಂದ ನೋಡಲು ಬಂದ ಅವಳ ಅತ್ತೆ ಪುಟ್ಟಮ್ಮ, ಹಜಾರದ ತುಂಬ ಹರಡಿದ್ದ ಬಟ್ಟೆ ಕಂಡು ಹೊಸ್ತಿಲಲ್ಲೇ ನಿಂತರು.

"ಇದ್ಯಾನ ಬೀಗ್ತೇರೆ? ಕಂಡೋರ್ ಪೀಡೆನೆಲ್ಲ ಮನೆಗ್ ತುಂಬ್ಕಂಡಿದ್ದೀರಲ್ಲ! ಮಗಳು ಬಸ್ರಿ ಅನ್ನದಾದ್ರೂ ಬ್ಯಾಡ್ವಾ?"

"ಸೋಪಾಕಿ ಒಗ್ದಿವ್ನಿ ಕಣ್ರಿ."

"ಸೋಪಾಕುದ್ರೆ ಪೀಡೆ ಓಯ್ತದಾ?"

ಸೊಸೆಯನ್ನು ಕರೆದೊಯ್ಯಲು ನೋಡಿದರು. ಸೌಮ್ಯ ಒಪ್ಪಲಿಲ್ಲ. ಕೊನೆಗೆ ಅವಳನ್ನು ಕಾಯಲು ಪುಟ್ಟಮ್ಮನೇ ಅಲ್ಲಿ ಉಳಿದರು. "ಏನಾದ್ರೂ ಎಚ್ಚುಕಮ್ಮಿ ಆದ್ರೆ ಎಲ್ರೂ ಈ ಬಟ್ಟೆನೇ ತೋರುಸ್ತಾರೆ ಅಲ್ವಾ?" ಎಂದು ಮೇಡಂ ನನ್ನನ್ನು ಮೆಲ್ಲಗೆ ಕೇಳಿದರು. ಕೈ ಮಾತ್ರ ಹೊಲಿಯುತ್ತಲೇ ಇತ್ತು.

ಬಂಡೆಗಳ ಮೇಲೆ ನಾವಿಬ್ಬರೂ ಹಾಸಿದ ದಿನ ಆ ಹೊಳೆ ಗಾಳಿಗೆ ಅಲೆಅಲೆಯಾಗಿ ಏಳುತ್ತಿತ್ತು. ಪಂಚೆ, ಲಂಗ, ಮಕ್ಕಳ ಅಂಗಿ. ನೀರಿಗಿಳಿಯಲು ಬಂದವರು ಅದರ ಮುಂದೆ ನಿಂತರು. "ಇವು ನಾವ್ ಬುಟ್ಟೋದ ಬಟ್ಟೆಗಳೇ ಅಲ್ವ್ರಾ?" ಎಂದರು ಒಬ್ಬರು. ಮಿಂದು ಬಂದ ಹೆಂಗಸೊಬ್ಬಳು ಒದ್ದೆ ಸೀರೆಯನ್ನು ಹಿಂಡಿ ತನ್ನ ಚೀಲಕ್ಕೇ ಹಾಕಿಕೊಂಡಳು. ಮೇಡಂ ನನ್ನ ಕೈ ಹಿಸುಕಿದರು.

ಅಷ್ಟರಲ್ಲಿ ಫೋನು ಬಂತು. ಸೌಮ್ಯಳಿಗೆ ನೋವು ಶುರುವಾಗಿತ್ತು. ಪುಟ್ಟಮ್ಮ ಆಸ್ಪತ್ರೆಗೆ ಸೇರಿಸಿದ್ದರು.

ಸಿಕ್ಕ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದೆವು. ಪುಟ್ಟಮ್ಮ ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದರು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

"ಎಣ್ಮಗ. ಇಬ್ರೂ ಚೆಂದಾಗವ್ರೆ."

ಮೇಡಂ ಮೆಟ್ಟಿಲ ಮೇಲೆ ಕೂತು ಅತ್ತರು, ಅಳುತ್ತಲೇ ನಕ್ಕರು. ಮಗು ನೋಡಲು ಎದ್ದಾಗ ಪುಟ್ಟಮ್ಮ ಅಡ್ಡ ನಿಂತರು. "ಅದೆಲ್ಲಾ ಸರಿ. ಮೊದ್ಲು ಮಿಂದು ಬನ್ನಿ."

ಮೇಡಂ ಮನೆಗೆ ಹೋಗಿ ಮಿಂದು ಬಂದರು.

ಹಳ್ಳಕ್ಕೆ ಬಟ್ಟೆ ಬಿಡುವುದು ಪೂರ್ತಿ ನಿಲ್ಲಲಿಲ್ಲ. ಕಡಿಮೆಯಾಯಿತು.

ನಿವೃತ್ತರಾದ ಮೇಲೆ ಮೇಡಂ ಹನೂರಿನಲ್ಲಿ, ಮಗಳ ಮನೆಯ ಪಕ್ಕದಲ್ಲೇ ಬಾಡಿಗೆಗಿದ್ದರು. ಅವರು ತೀರಿಕೊಳ್ಳುವ ಮುಂಚೆ ನಾನು ಕೊನೆಯ ಸಲ ನೋಡಿದ್ದು ಅಲ್ಲೇ. ಮಧ್ಯಾಹ್ನ ಉಂಡು ಚಾಪೆಯ ಮೇಲೆ ನಿದ್ದೆ ಹೋಗಿದ್ದರು. ಮೊಮ್ಮಗಳು ಅವರ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗಿತ್ತು. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಪುಟ್ಟಮ್ಮ, "ಎಬ್ಬುಸ್ಲಾ?" ಎಂದರು.

ಬೇಡವೆಂದೆ. ಅವರು ಕೊಟ್ಟ ಮಜ್ಜಿಗೆ ಕುಡಿದು, ಅಜ್ಜಿ ಮೊಮ್ಮಗಳ ಉಸಿರು ಕೇಳುತ್ತ ಸ್ವಲ್ಪ ಹೊತ್ತು ಕೂತಿದ್ದು, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಬಂದೆ.